ಕೆಮ್ಮಣ್ಣುಗುಂಡಿಯ ಕಲ್ಲು

ಭದ್ರಾವತಿಯ ಜನ್ನಾಪುರದಂಥ ಕೇರಿಗಳಲ್ಲಿ ಕಬ್ಬಿಣದ ಕಾರ್ಖಾನೆಯ ಸಂಬಳದಿಂದಲೇ ಒಲೆ ಹೊತ್ತಿದ ಮನೆಗಳು ಎಷ್ಟೋ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ 1923ರಲ್ಲಿ ಅಲ್ಲಿಯ ಕುಲುಮೆಗೆ ಬೆಂಕಿಯಿಟ್ಟಾಗ ಇದ್ದಿಲು ಮಲೆನಾಡಿನ ಕಾಡುಗಳಿಂದಲೂ, ಅದಿರು ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದಲೂ ಬಂದವು. ಇದ್ದಿಲಿನ ಮೂಲವನ್ನು ಯಾರೂ ಕೇಳಬೇಕಾಗಿರಲಿಲ್ಲ. ಅದಿರಿನ ಮೂಲವನ್ನರಿಯಲು ಮಾತ್ರ ಬಹುಕಾಲ ಹಿಡಿಯಿತು.

1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಈ ಪುರಾತನ ಶಿಲಾಸಮೂಹವನ್ನು ವಿಂಗಡಿಸಿ ಅದಕ್ಕೆ ಧಾರವಾಡದ ಹೆಸರನ್ನಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನವು ಭೂಗರ್ಭ ಇಲಾಖೆಯನ್ನು ಸ್ಥಾಪಿಸಿತು. ಮುಂದೆ ಅದರ ಮುಖ್ಯಸ್ಥರಾದ ಡಬ್ಲ್ಯು. ಎಫ್. ಸ್ಮೀತ್‌ರವರು, ಈ ಕಲ್ಲುಗಳು ಕರಗಿದ ಶಿಲಾರಸದಿಂದ ಹುಟ್ಟಿ ಕಾಲಾಂತರದಲ್ಲಿ ಮಾರ್ಪಟ್ಟವು ಎಂದು ಬಗೆದರು. ಅದೇ ಇಲಾಖೆಯ ಬಿ. ರಾಮರಾಯರು ಕೆಲವು ಕಲ್ಲುಗಳ ಮೈಯಲ್ಲಿ ನೀರಿನ ಅಲೆ ಬರೆದ ಗೆರೆಗಳನ್ನು ಗಮನಿಸಿದರು. ಮೈಸೂರಿನ ಆದಿಶಿಲೆಗಳನ್ನು ಕುರಿತು 1940ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ಧಾರವಾಡ ಶಿಲೆಗಳಲ್ಲಿ ಹಲವು ನೀರಿನಡಿ ನೆಲೆನಿಂತ ಮಡ್ಡಿಯೆಂಬ ವಾದಕ್ಕೆ ಬಲ ಬಂದಿತು.

ಇಂದಿನ ಗಣನೆಯಂತೆ ಈ ಮಡ್ಡಿ 260 ಕೋಟಿ ವರ್ಷಗಳಿಗೂ ಹಿಂದಿನದು. ಆಗಿನ ಕಡಲಿನಲ್ಲಿ ಪ್ರಾಣವಾಯು ಅತಿ ವಿರಳವಾಗಿದ್ದುದರಿಂದ ಕಬ್ಬಿಣವು ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಅದು ಬೇರ್ಪಟ್ಟು ತಳಕ್ಕಿಳಿದಾಗ, ಕಬ್ಬಿಣದ ಪದರವೊಂದು, ಬೆಣಚಿನ ಪದರವೊಂದು, ಹೀಗೆ ಒಂದರ ಮೇಲೊಂದು ಕೂಡಿದವು.

ಆದರೆ ಕಡಲಿನ ತಳವು ಬೆಟ್ಟದ ನೆತ್ತಿಯಾದುದು ಹೇಗೆ? 1960ರ ದಶಕದಲ್ಲಿ ವಿದ್ವಾಂಸರು ಭೂಮಿಯ ಹೊರಪದರವು ಒಂದೇ ಅಖಂಡ ಚಿಪ್ಪಲ್ಲ, ಮೆಲ್ಲಗೆ ಸರಿಯುವ ಫಲಕಗಳ ಜೋಡಣೆ ಎಂದು ನಿರ್ಣಯಿಸಿದರು. ಭಾರತವನ್ನು ಹೊತ್ತ ಫಲಕವು ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರದಿಂದ ಬೇರೆಯಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡವನ್ನು ಒತ್ತಿ ಹಿಮಾಲಯವನ್ನೆಬ್ಬಿಸಿತು. ಬಾಬಾಬುಡನ್ನಿನ ಪದರಗಳು ಮಡಿಸಿಕೊಂಡುದು ಅದಕ್ಕಿಂತ ಎಷ್ಟೋ ಪೂರ್ವದಲ್ಲಿ. ಅಂದೂ ಫಲಕಗಳು ಇಂದಿನಂತೆಯೇ ಚಲಿಸುತ್ತಿದ್ದವೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೂ ಒಮ್ಮೆ ಸಮವಾಗಿ ಹರಡಿದ್ದ ಪದರಗಳು ನೆರಿಗೆಗೊಂಡು ನಿಂತಿರುವುದೇ ಹಿಂದೆ ನಡೆದ ಒತ್ತಡಕ್ಕೆ ಸಾಕ್ಷಿ. ಅನಂತರ ಯುಗಯುಗಗಳ ಮಳೆಯು ಬೆಣಚನ್ನು ತೊಳೆದು ಕಬ್ಬಿಣವನ್ನು ಉಳಿಸಿತು.

ಪ್ರಾಣವಾಯು ತುಂಬಿದ ಈಗಿನ ಕಡಲಿನಲ್ಲಿ ಕಬ್ಬಿಣವು ಅಂತೆ ಕರಗಿ ನಿಲ್ಲಲಾರದು. ಕುಲುಮೆಗಾಗಿ ಕಡಿದ ಕಾಡು ಕೆಲವು ತಲೆಮಾರುಗಳಲ್ಲಿ ಮತ್ತೆ ಚಿಗುರಬಹುದು. ಅಗೆದ ಅದಿರು ಚಿಗುರದು. ಆ ಸಂಬಳದಿಂದ ಬೆಳೆದ ಮನೆಗಳು ಮರೆಯಬಾರದ ಸಂಗತಿಯಿದು.