ಡೆಲ್ಲಿ ಬೀದಿಯಿಂದ ಬಾಂಬೆ ಬೀದಿಗೆ: ಪೋರ್ಟ್ ಆಫ್ ಸ್ಪೇನಿನಲ್ಲಿ ಆರು ದಿನ

ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ತಮ್ಮ ಊರಿನ ಹೆಸರು ಹೊತ್ತ ಬೀದಿಯೊಂದು ಕೆರಿಬಿಯನ್ ದ್ವೀಪವೊಂದರಲ್ಲಿದೆ ಎಂದರೆ ಅಚ್ಚರಿಯಾದೀತು. ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಪಶ್ಚಿಮಕ್ಕೆ ಸೇಂಟ್ ಜೇಮ್ಸ್ ಎಂಬ ಬಡಾವಣೆಯಿದೆ. ಅಲ್ಲಿ ಡೆಲ್ಲಿ ಬೀದಿ, ಬಾಂಬೆ ಬೀದಿ, ಮದ್ರಾಸ್ ಬೀದಿ, ಹೈದರಾಬಾದ್ ಬೀದಿ, ಕಲ್ಕತ್ತಾ ಬೀದಿ, ಲಕ್ನೋ ಬೀದಿಗಳು ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುತ್ತವೆ. ಹಿಂದೆ ಇದು ಪೆರು ಎಂಬ ಕಬ್ಬಿನ ತೋಟ. ಭಾರತದಿಂದ ಕರಾರಿನ ಮೇಲೆ ಬಂದ ಕೂಲಿಗಳು ದುಡಿದು ನೆಲೆ ನಿಂತ ಜಾಗ. 1938ರಲ್ಲಿ ಅದು ನಗರಕ್ಕೆ ಸೇರಿತು.

ನಾವು ನಾಲ್ವರು ಗೆಳೆಯರು ಈ ಬೀದಿಗಳ ಮಗ್ಗುಲಲ್ಲೇ ಒಂದು ಸಣ್ಣ ವಸತಿಗೃಹದಲ್ಲಿ ಆರು ದಿನ ಉಳಿದೆವು. ವಿಮಾನದ ಟಿಕೆಟಿಗೇ ಉಳಿತಾಯದ ಬಹುಪಾಲು ಕರಗಿದ್ದರಿಂದ ಮಿಕ್ಕದ್ದನ್ನು ಲೆಕ್ಕವಿಟ್ಟು ಖರ್ಚು ಮಾಡಬೇಕಾಗಿತ್ತು. ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ ಮತ್ತು ಮಂಗಳವಾರ ಇಲ್ಲಿಯ ಜಗತ್ಪ್ರಸಿದ್ಧ ಕಾರ್ನಿವಲ್ ನಡೆಯುತ್ತದೆ. ಆ ವಾರದಲ್ಲಿ ಕೊಠಡಿಗಳ ಬಾಡಿಗೆ ಹಲವು ಪಟ್ಟು ಏರುತ್ತದೆ. ನಾವು ಮೂರು ವಾರ ಮೊದಲೇ ಹೋದೆವು. ಬಾಡಿಗೆ ಕೈಗೆಟಕುವಂತಿತ್ತು, ಊರಿನ ಸಂಗೀತವಾದರೋ ಆಗಲೇ ಆರಂಭವಾಗಿತ್ತು.

ನಗರದ ಚರಿತ್ರೆ ಬಹಳ ಹಳೆಯದೇನಲ್ಲ. 1757ರಲ್ಲಿ ಸ್ಪೇನಿನ ಗವರ್ನರು ಒಳನಾಡಿನ ಹಳೆಯ ರಾಜಧಾನಿಯನ್ನು ಬಿಟ್ಟು ಈ ಬಂದರಿಗೆ ಬಂದರು. 1783ರ ರಾಜಾಜ್ಞೆಯೊಂದು ಕ್ಯಾಥೊಲಿಕ್ ವಲಸೆಗಾರರಿಗೆ ಭೂಮಿಯ ಆಸೆ ತೋರಿಸಿದ್ದರಿಂದ ಫ್ರೆಂಚ್ ತೋಟಗಾರರು ತಮ್ಮ ಗುಲಾಮರೊಡನೆ ಬಂದಿಳಿದರು. 1797ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. 1834ರಲ್ಲಿ ಗುಲಾಮಗಿರಿ ರದ್ದಾಯಿತು, 1838ರಲ್ಲಿ ಆಫ್ರಿಕನ್ನರು ಪೂರ್ಣವಾಗಿ ಬಿಡುಗಡೆಗೊಂಡರು. ಕಬ್ಬಿನ ತೋಟಗಳಿಗೆ ಅಗ್ಗದ ಕೈಗಳು ಬೇಕಾದವು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ಪಾರಿಯಾ ಕೊಲ್ಲಿಯಲ್ಲಿ ಲಂಗರು ಹಾಕಿತು. 1917ರಲ್ಲಿ ಈ ವ್ಯವಸ್ಥೆ ನಿಲ್ಲುವ ಹೊತ್ತಿಗೆ ಸುಮಾರು 1,43,000 ಮಂದಿ ಹೀಗೆ ಬಂದಿದ್ದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರಗಳ ಹಳ್ಳಿಗರು. ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದರಾಸಿನಿಂದಲೂ ಕೆಲವು ಹಡಗುಗಳು ಹೊರಟಿದ್ದವು.

ಈ ಚರಿತ್ರೆಯನ್ನು ನೋಡಲು ಟ್ಯಾಕ್ಸಿಯ ಅಗತ್ಯವಿಲ್ಲ. ಬಣ್ಣದ ಪಟ್ಟಿ ಬಳಿದ ಬಿಳಿಯ ವ್ಯಾನುಗಳನ್ನು ಇಲ್ಲಿ ಮ್ಯಾಕ್ಸಿ ಎನ್ನುತ್ತಾರೆ. ಹಳದಿ ಪಟ್ಟಿಯವು ನಗರದ ಪಶ್ಚಿಮಕ್ಕೆ, ಕೆಂಪು ಪಟ್ಟಿಯವು ಪೂರ್ವಕ್ಕೆ, ಹಸಿರು ಪಟ್ಟಿಯವು ದಕ್ಷಿಣಕ್ಕೆ ಓಡುತ್ತವೆ. ಪೂರ್ವ ಮತ್ತು ದಕ್ಷಿಣದ ಮ್ಯಾಕ್ಸಿಗಳು ಬಂದು ನಿಲ್ಲುವ ಸಿಟಿ ಗೇಟ್ ಒಂದು ಕಾಲದ ರೈಲು ನಿಲ್ದಾಣ. 1968ರಲ್ಲಿ ರೈಲು ನಿಂತುಹೋಯಿತು. ಹಳಿಯಿದ್ದ ದಾರಿಯ ಒಂದು ಭಾಗದ ಮೇಲೆ ಈಗ ಬಸ್ಸು, ಮ್ಯಾಕ್ಸಿಗಳಿಗಾಗಿಯೇ ಮೀಸಲಾದ ರಸ್ತೆಯಿದೆ. ಸಮೀಪದಲ್ಲೇ ತುಸು ವಾಲಿದ ಹಳೆಯ ದೀಪಸ್ತಂಭ, ವಾಹನಗಳ ನಡುವೆ ಒಂಟಿಯಾಗಿ ನಿಂತಿದೆ. ಸಮುದ್ರವನ್ನು ಮಣ್ಣು ತುಂಬಿ ಹಿಂದಕ್ಕೆ ಸರಿಸಿದ್ದಾರೆ. ಕತ್ತಲಾದ ಮೇಲೆ ನಗರದ ಮಧ್ಯಭಾಗದಲ್ಲಿ ಕಾಲ್ನಡಿಗೆ ಬೇಡವೆಂದು ವಸತಿಗೃಹದ ಒಡತಿ ಎಚ್ಚರಿಸಿದ್ದರು. ಆ ಮಾತನ್ನು ನಾವು ಪಾಲಿಸಿದೆವು. ಹೋಗುವವರೂ ಪಾಲಿಸುವುದು ಒಳಿತು.

ನಮ್ಮ ಬೆಳಗಿನ ಉಪಾಹಾರ ವೆಸ್ಟರ್ನ್ ಮೇನ್ ರಸ್ತೆಯ ಗಾಡಿಯೊಂದರಲ್ಲಿ ನಡೆಯುತ್ತಿತ್ತು. ಅರಿಸಿನ ಬೆರೆಸಿದ ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆಯ ರೊಟ್ಟಿಗಳು, ಮೇಲೆ ಕಡಲೆಕಾಳಿನ ಗೊಜ್ಜು, ಹುಣಿಸೆಯ ಚಟ್ನಿ, ತುರಿದ ಮಾವಿನಕಾಯಿಯ ಉಪ್ಪಿನಕಾಯಿ. ಎರಡು ರೊಟ್ಟಿಯಿರುವುದರಿಂದ ಇದರ ಹೆಸರು ಡಬಲ್ಸ್. ರೊಟ್ಟಿಗೆ ‘ಬಾರಾ’ ಎನ್ನುತ್ತಾರೆ. ಉತ್ತರ ಭಾರತದ ‘ಬಡಾ’, ನಮ್ಮ ‘ವಡೆ’ಯ ಬಳಗದ ಮಾತು. ಬಾರಾ ಎಂದರೇನು ಎಂದು ಗಾಡಿಯ ಯಜಮಾನರನ್ನು ಕೇಳಿದೆವು. ಅವರ ಮುತ್ತಜ್ಜ ಭಾರತದಿಂದ ಬಂದವರು. ‘ಬಾರಾ ಎಂದರೆ ಬಾರಾ, ಇನ್ನೇನು?’ ಎಂದು ನಕ್ಕರು. ಅವರ ಅಜ್ಜಿ ಭೋಜಪುರಿ ಆಡುತ್ತಿದ್ದರಂತೆ. ತಂದೆಗೆ ಅರ್ಥವಾಗುತ್ತಿತ್ತಂತೆ. ಇವರಿಗೆ ತರಕಾರಿ, ತಿಂಡಿ, ನಂಟಸ್ತಿಕೆಗಳ ಕೆಲವು ಹೆಸರುಗಳು ಉಳಿದಿವೆ, ಅಷ್ಟೆ.

ಸಂಜೆಗಳನ್ನು ನಾವು ಪ್ಯಾನ್‌ಯಾರ್ಡ್‌ಗಳಲ್ಲಿ ಕಳೆದೆವು. ಉಕ್ಕಿನ ಎಣ್ಣೆಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಸ್ವರಸ್ಥಾನಗಳನ್ನು ಮೂಡಿಸಿ ನುಡಿಸುವ ವಾದ್ಯವೇ ಸ್ಟೀಲ್‌ಪ್ಯಾನ್. ವಾದ್ಯವೃಂದಗಳು ಕಾರ್ನಿವಲ್ಲಿನ ಸ್ಪರ್ಧೆಗಾಗಿ ತೆರೆದ ಅಂಗಳಗಳಲ್ಲಿ ರಾತ್ರಿಯಿಡೀ ಅಭ್ಯಾಸ ಮಾಡುತ್ತವೆ. ಯಾರು ಬೇಕಾದರೂ ಹೋಗಿ ನಿಂತು ಕೇಳಬಹುದು. ನಮ್ಮಿಂದ ಯಾರೂ ಹಣ ಕೇಳಲಿಲ್ಲ. ಅಂಗಳದ ಬಾಗಿಲು ಹೀಗೆ ತೆರೆದಿರುವುದೇಕೆ ಎಂಬುದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಗುಲಾಮಗಿರಿಯಿಂದ ಬಿಡುಗಡೆಗೊಂಡವರು ಕಾರ್ನಿವಲ್ಲಿನ ಮೊದಲ ನಸುಕಿನಲ್ಲಿ ಪಂಜು ಹಿಡಿದು, ನಗಾರಿ ಬಡಿಯುತ್ತ ಮೆರವಣಿಗೆ ಹೊರಡುತ್ತಿದ್ದರು. ಉರಿವ ಕಬ್ಬಿನ ಗದ್ದೆಯ ನೆನಪಿನ ಆ ಆಚರಣೆಗೆ ಕ್ಯಾನ್‌ಬುಲೆ ಎಂದು ಹೆಸರು. 1881ರಲ್ಲಿ ಕ್ಯಾಪ್ಟನ್ ಬೇಕರನ ಪೊಲೀಸರು ಅದನ್ನು ಅಡಗಿಸಲು ಹೋದಾಗ ನಗರದ ಬೀದಿಗಳಲ್ಲಿ ಕಾಳಗವೇ ನಡೆಯಿತು. 1884ರ ಶಾಸನ ಪಂಜನ್ನೂ ನಗಾರಿಯನ್ನೂ ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಚರ್ಮವಾದ್ಯ ಕೈತಪ್ಪಿದಾಗ ಜನ ಬಿದಿರ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹುಟ್ಟಿಸಿದರು. 1930ರ ದಶಕದಲ್ಲಿ ಬಿದಿರಿನ ಜಾಗಕ್ಕೆ ಬಿಸ್ಕತ್ತಿನ ಡಬ್ಬಿ, ಕಸದ ಡಬ್ಬಿಗಳು ಬಂದವು, ಅನಂತರ ಎಣ್ಣೆಪೀಪಾಯಿ. ಬೀದಿಯಲ್ಲಿ ಬಿದ್ದ ತಗಡಿನಿಂದ ಬಡವರು ಕಟ್ಟಿದ ವಾದ್ಯವಿದು. ಅಂಗಳ ಇಂದಿಗೂ ಕೇರಿಯ ಸೊತ್ತು.

ಅದೇ 1884ರಲ್ಲಿ ಭಾರತೀಯರ ನಗಾರಿಯೂ ಸರ್ಕಾರದ ಕಣ್ಣಿಗೆ ಬಿತ್ತು. ಮೊಹರಂ ಇಲ್ಲಿ ‘ಹೊಸೇ’. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿರುವಂತೆಯೇ ಅದರಲ್ಲಿ ಹಿಂದೂಗಳೂ ಸೇರುತ್ತಿದ್ದರು; ಆಫ್ರಿಕನ್ನರೂ ತಾಜಿಯಾ ಹೊರಲು, ನಗಾರಿ ಬಡಿಯಲು ಬರುತ್ತಿದ್ದರು. ಮೆರವಣಿಗೆ ಪೇಟೆಯೊಳಕ್ಕೆ ಬರಕೂಡದು, ಭಾರತೀಯರಲ್ಲದವರು ಅದರಲ್ಲಿ ಸೇರಕೂಡದು ಎಂದು ಸರ್ಕಾರ ಕಟ್ಟಳೆ ಮಾಡಿತು. ತೋಟದ ಕೂಲಿಗಳು ಕಟ್ಟಳೆಯನ್ನು ಮೀರಿದರು. ಅಕ್ಟೋಬರ್ 30ರಂದು ದಕ್ಷಿಣದ ಸಾನ್ ಫರ್ನಾಂಡೊ ಪಟ್ಟಣದ ಹೆಬ್ಬಾಗಿಲುಗಳಲ್ಲಿ ಗುಂಡು ಹಾರಿತು. ಹಲವರು ಸತ್ತರು, ಅನೇಕರು ಗಾಯಗೊಂಡರು. ಎರಡೂ ನಿಷೇಧಗಳನ್ನು ಜೊತೆಗಿಟ್ಟು ನೋಡಿದರೆ, ಆಳುವವರ ಭಯ ಕೇವಲ ಸದ್ದಿನದಲ್ಲ, ಒಂದೇ ಬೀದಿಯಲ್ಲಿ ಕೂಡುವ ಈ ಎರಡು ಜನರದು ಎಂದು ನಮಗೆ ತೋರುತ್ತದೆ.

ಹೊಸೇ ಅಳಿಯಲಿಲ್ಲ. ಇಂದು ಅದರ ದೊಡ್ಡ ಮೆರವಣಿಗೆ ನಡೆಯುವುದು ಸೇಂಟ್ ಜೇಮ್ಸ್‌ನಲ್ಲೇ. ನಾವು ಹೋದದ್ದು ಆ ಕಾಲವಲ್ಲ. ಆದರೂ ಒಂದು ಸಂಜೆ ಯಾವುದೋ ಮದುವೆಮನೆಯಿಂದ ತಾಸಾದ ಸದ್ದು ಕೇಳಿಸಿತು. ಪುಣೆಯ ಗಣೇಶೋತ್ಸವದ ಢೋಲ್-ತಾಶಾ ಕೇಳುತ್ತ ಬೆಳೆದ ನಮ್ಮ ಗೆಳೆಯನೊಬ್ಬ ಅಲ್ಲೇ ನಿಂತುಬಿಟ್ಟ.

ಕರ್ನಾಟಕದ ನೇರ ಗುರುತೊಂದು ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿದೆ. 1976ರ ಏಪ್ರಿಲ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸ್‌ನಲ್ಲಿ ನಾಲ್ಕೇ ವಿಕೆಟ್ ಕಳೆದುಕೊಂಡು 406 ಓಟ ಗಳಿಸಿ ಗೆದ್ದದ್ದು ಇಲ್ಲೇ. ಜಿ. ಆರ್. ವಿಶ್ವನಾಥ್ 112 ಹೊಡೆದರು. ಬ್ರಿಜೇಶ್ ಪಟೇಲ್ 49ರಲ್ಲಿ ಅಜೇಯರಾಗಿ ಉಳಿದರು. ಬೇಲಿಯಾಚೆಯಿಂದ ಹುಲ್ಲನ್ನು ನೋಡಿದೆವು. ಅದಕ್ಕೂ ದುಡ್ಡು ಬೇಕಾಗಲಿಲ್ಲ.

ಕೊನೆಯ ದಿನ ಸೇಂಟ್ ಜೇಮ್ಸ್‌ನ ನೇಪಾಲ್ ಬೀದಿಗೆ ಹೋದೆವು. ವಿ. ಎಸ್. ನೈಪಾಲರ ತಂದೆ ಸೀಪರ್ಸಾದ್ 1946ರಲ್ಲಿ ಕೊಂಡ ಮನೆ ಅಲ್ಲಿದೆ. ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ಮೂಲ ಆ ಮನೆತನದ ಬಾಳು. ಇಕ್ಕಟ್ಟಾದ ಸಾಧಾರಣ ಮನೆ. ಒಂದು ಸೂರಿಗಾಗಿ ಆಯುಷ್ಯವನ್ನೇ ತೆತ್ತ ವಲಸಿಗನ ಕಥೆಯನ್ನು ಮುಂಬಯಿಯ ಚಾಳುಗಳಿಂದ ಮೇಲೆದ್ದ ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮ್ಯಾಕ್ಸಿಯಲ್ಲಿ ಹಿಂದಿರುಗುವಾಗ ಪುಣೆಯಲ್ಲೇ ಹುಟ್ಟಿ ಬೆಳೆದ ಆ ಗೆಳೆಯ ಕೇಳಿದ: ‘ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಮೇಲೆ ಯಾವ ಕನ್ನಡ ಪದ ಉಳಿಯುತ್ತದೆ?’ ಹುಳಿ, ಗೊಜ್ಜು, ಅಜ್ಜಿ ಎಂದು ನಾವು ಎಣಿಸತೊಡಗಿದೆವು. ಇಲ್ಲಿಯವರು ನುಡಿಯನ್ನು ಕಳೆದುಕೊಂಡದ್ದು ಕಬ್ಬಿನ ತೋಟದ ಕರಾರಿನ ಅಡಿಯಲ್ಲಿ. ಆದರೂ ನಗಾರಿಯನ್ನು ಗುಂಡಿಗೆ ಎದೆಯೊಡ್ಡಿ ಉಳಿಸಿಕೊಂಡರು. ನಮ್ಮನ್ನು ಯಾವ ಕಟ್ಟಳೆಯೂ ತಡೆದಿಲ್ಲ. ಪಟ್ಟಿ ಇನ್ನೂ ಮುಗಿದಿರಲಿಲ್ಲ, ಸಿಟಿ ಗೇಟ್ ಬಂತು, ಇಳಿದೆವು.