ವಕೀಲಿ ವೃತ್ತಿಯ ನಡುವೆ ಎಲ್‌ಎಲ್‌ಎಂ: ಸೇರುವ ಮುನ್ನ ತಿಳಿದಿರಲಿ

ಎಲ್‌ಎಲ್‌ಬಿ ಮುಗಿಸಿ, ಸನ್ನದು ಪಡೆದು, ಊರಿನ ಕೋರ್ಟಿನಲ್ಲಿ ನಾಲ್ಕೈದು ವರ್ಷ ಕಳೆದ ಮೇಲೆ ಹಲವು ಯುವ ವಕೀಲರಿಗೆ ಎಲ್‌ಎಲ್‌ಎಂ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಕಾಸರಗೋಡಿರಲಿ, ಹೊಸೂರಿರಲಿ, ಅಕ್ಕಲಕೋಟೆ, ಆದೋನಿಗಳಿರಲಿ, ಗಡಿನಾಡಿನ ಕನ್ನಡ ಮನೆಗಳಿಂದ ಬಂದ ವಕೀಲರಿಗೂ ಈ ಪ್ರಶ್ನೆ ಹೊಸದಲ್ಲ. ಆದರೆ ಕೈಗೆ ಬಂದ ಕಕ್ಷಿದಾರರನ್ನು ಬಿಟ್ಟು ಮತ್ತೆ ತರಗತಿಗೆ ಹೋಗುವುದು ಸಣ್ಣ ನಿರ್ಧಾರವಲ್ಲ. ಪದವಿ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕಾಲೇಜು ಹುಡುಕುವುದು ಒಳ್ಳೆಯದು.

ವಾದ ಮಾಡಲು ಬೇಕೇ?

ಬೇಡ. 1961ರ ವಕೀಲರ ಕಾಯ್ದೆಯ ಪ್ರಕಾರ ಎಲ್‌ಎಲ್‌ಬಿ ಪಡೆದು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ವಕೀಲಿ ಮಾಡುವ ಹಕ್ಕಿದೆ. ಅಖಿಲ ಭಾರತ ಬಾರ್ ಪರೀಕ್ಷೆ 2011ರಿಂದ ನಡೆಯುತ್ತಿದ್ದು, ಹೊಸಬರು ಅದರಲ್ಲೂ ಉತ್ತೀರ್ಣರಾಗಬೇಕು. ಎಲ್‌ಎಲ್‌ಎಂ ಇಲ್ಲವೆಂದು ಯಾವ ಕೋರ್ಟೂ ವಕೀಲರನ್ನು ತಡೆಯುವುದಿಲ್ಲ. ಪಾಟೀಸವಾಲು ಮಾಡುವ ಕಲೆ, ದಾವೆ ಬರೆಯುವ ಕೈ, ಇವು ಬರುವುದು ಹಿರಿಯ ವಕೀಲರ ಕಚೇರಿಯಲ್ಲೇ ಹೊರತು ತರಗತಿಯಲ್ಲಲ್ಲ.

ಪಾಠ ಹೇಳಲು?

ಇಲ್ಲಿ ಎಲ್‌ಎಲ್‌ಎಂ ಬೇಕೇ ಬೇಕು. ಕಾನೂನು ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳ ಜತೆಗೆ ನೆಟ್ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಕೇಳುತ್ತಾರೆ. ಮೀಸಲಾತಿ ವರ್ಗದವರಿಗೆ ಅಂಕಗಳಲ್ಲಿ ಶೇ. 5ರ ರಿಯಾಯಿತಿ ಇದೆ.

ಆದರೆ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ವಕೀಲಿ ನಿಲ್ಲಿಸಬೇಕಾಗುತ್ತದೆ. ಎರಡನ್ನೂ ಉಳಿಸಿಕೊಳ್ಳಬೇಕೆನ್ನುವವರಿಗೆ 1979ರ ನಿಯಮಗಳಲ್ಲಿ ಒಂದು ದಾರಿಯಿದೆ. ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳುವ ವಕೀಲರು ತಮ್ಮ ವೃತ್ತಿಯನ್ನೂ ಮುಂದುವರಿಸಬಹುದು. ಬೆಳಿಗ್ಗೆ ಅಥವಾ ಸಂಜೆ ಕಾಲೇಜು ಹತ್ತಿರದಲ್ಲಿದ್ದರೆ ಇದು ಅನುಕೂಲ.

ನ್ಯಾಯಾಧೀಶರಾಗಲು?

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಎಲ್‌ಎಲ್‌ಬಿ ಸಾಕು. 2025ರ ಮೇ 20ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಈ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ಅಲ್ಲಿ ಲೆಕ್ಕಕ್ಕೆ ಬರುವುದು ಕೋರ್ಟಿನ ಅನುಭವ, ತರಗತಿಯ ಓದಲ್ಲ. ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರನ್ನು ನೇರವಾಗಿ ನೇಮಿಸಲು ಸಂವಿಧಾನದ 233ನೇ ವಿಧಿ ಏಳು ವರ್ಷಗಳ ವಕೀಲಿಯನ್ನು ಕೇಳುತ್ತದೆ. ಆದ್ದರಿಂದ ನ್ಯಾಯಾಂಗ ಸೇವೆಯ ಗುರಿಯಿಟ್ಟವರು ಎಲ್‌ಎಲ್‌ಎಂಗಾಗಿ ಪ್ರಾಕ್ಟೀಸ್ ಬಿಡುವ ಮುನ್ನ ಎರಡು ಬಾರಿ ಯೋಚಿಸಲಿ.

ಒಂದು ವರ್ಷವೋ, ಎರಡು ವರ್ಷವೋ?

ಹಿಂದೆ ಎಲ್‌ಎಲ್‌ಎಂ ಎಂದರೆ ಎರಡು ವರ್ಷ. 2012ರಲ್ಲಿ ಯುಜಿಸಿ ಮಾರ್ಗಸೂಚಿ ಬಂದ ಮೇಲೆ ಒಂದು ವರ್ಷದ ಕೋರ್ಸುಗಳು ಶುರುವಾದವು. 2021ರ ಜನವರಿಯಲ್ಲಿ ಪ್ರಕಟವಾದ ಬಾರ್ ಕೌನ್ಸಿಲ್ ನಿಯಮಗಳು ಒಂದು ವರ್ಷದ ಕೋರ್ಸನ್ನು ಕೈಬಿಡಲು ಹೊರಟಿದ್ದವು. ಇದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, ಕೋರ್ಸುಗಳು ನಡೆಯುತ್ತಲೇ ಬಂದವು. ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಪಿಜಿ ಪರೀಕ್ಷೆ ಬರೆಯಬೇಕು. ಎಲ್‌ಎಲ್‌ಬಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು, ವಯಸ್ಸಿನ ಮಿತಿ ಇಲ್ಲ. ಆಂಧ್ರ, ತೆಲಂಗಾಣಗಳಲ್ಲಿ ಪಿಜಿಎಲ್‌ಸೆಟ್ ಇದೆ, ಕೇರಳದಲ್ಲಿ ಪ್ರವೇಶ ಪರೀಕ್ಷಾ ಆಯುಕ್ತರು ಪರೀಕ್ಷೆ ನಡೆಸುತ್ತಾರೆ.

ದೂರ ಕಡಿಮೆಯೆಂದು ಮೋಸ ಹೋಗಬೇಡಿ. ಹೊಸೂರಿನಿಂದ ಬೆಂಗಳೂರು 40 ಕಿ.ಮೀ. ಅಷ್ಟೇ. ಆದರೂ ಹಗಲಿನ ತರಗತಿಯಲ್ಲಿ ಕುಳಿತವರು ಅದೇ ಹೊತ್ತಿಗೆ ಹೊಸೂರಿನ ಕೋರ್ಟಿನಲ್ಲಿ ಹಾಜರಿರಲು ಸಾಧ್ಯವಿಲ್ಲ.

ಮನೆಯಲ್ಲೇ ಕುಳಿತು ಎಲ್‌ಎಲ್‌ಎಂ?

ಈ ಜಾಹೀರಾತುಗಳ ಬಗ್ಗೆ ಎಚ್ಚರ ಬೇಕು. ಅನುಮತಿ ಪಡೆಯದೆ ಆನ್‌ಲೈನ್ ಅಥವಾ ದೂರ ಶಿಕ್ಷಣದ ಮೂಲಕ ನಡೆಸುವ ಎಲ್‌ಎಲ್‌ಎಂಗಳಿಗೆ ಮಾನ್ಯತೆ ಇಲ್ಲವೆಂದು ಬಾರ್ ಕೌನ್ಸಿಲ್ 2025ರಲ್ಲಿ ಎಚ್ಚರಿಕೆ ನೀಡಿದೆ. ‘ಎಕ್ಸಿಕ್ಯೂಟಿವ್’, ‘ಪ್ರೊಫೆಷನಲ್’ ಎಂಬ ಹೆಸರು ಸೇರಿಸಿದ ಮಾತ್ರಕ್ಕೆ ಅದು ಮಾನ್ಯ ಪದವಿಯಾಗುವುದಿಲ್ಲ. ಹಣ ಕಟ್ಟುವ ಮೊದಲು ಅನುಮತಿ ಪತ್ರವನ್ನು ಕೇಳಿ ನೋಡಿ. ವಿಷಯಜ್ಞಾನ ಮಾತ್ರ ಸಾಕು ಎನ್ನುವವರಿಗೆ ಡಿಪ್ಲೊಮಾಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ವೃತ್ತಿಯಲ್ಲಿದ್ದವರಿಗಾಗಿ ಇಂಥ ಸ್ನಾತಕೋತ್ತರ ಡಿಪ್ಲೊಮಾಗಳನ್ನು ನಡೆಸುತ್ತದೆ. ಇವು ಎಲ್‌ಎಲ್‌ಎಂಗೆ ಸಮವಲ್ಲ, ಆದರೆ ಕೋರ್ಟು ಬಿಡದೆ ಓದಬಹುದು.

ವಿಷಯ ಯಾವುದು?

ಕ್ರಿಮಿನಲ್ ಪ್ರಕರಣಗಳೇ ಹೆಚ್ಚಿರುವವರಿಗೆ ಅಪರಾಧ ಕಾನೂನು ಸೂಕ್ತ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜತೆಯ ಎರಡು ಕಾಯ್ದೆಗಳು ಜಾರಿಯಲ್ಲಿರುವುದರಿಂದ ಹೊಸ ಓದಿಗೆ ಬೆಲೆಯಿದೆ.

ಗಡಿನಾಡಿನವರಿಗೆ ಸಂವಿಧಾನ ಕಾನೂನು ಇನ್ನೂ ಹತ್ತಿರದ್ದು. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಹೇಳಿತು. ಹಾಗಾಗಿ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಗಳಲ್ಲಿ ಕನ್ನಡಿಗರು 30ನೇ ವಿಧಿಯ ರಕ್ಷಣೆಯುಳ್ಳ ಭಾಷಾ ಅಲ್ಪಸಂಖ್ಯಾತರು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ 350ಎ ವಿಧಿ, ಕನ್ನಡ ಮತ್ತು ತಮಿಳರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ, ಇವೆಲ್ಲ ಪ್ರಬಂಧಕ್ಕೆ ಒಳ್ಳೆಯ ವಿಷಯಗಳು. ಕನ್ನಡದ ಹಳೆಯ ಗೇಣಿ ಚೀಟಿಯನ್ನೂ ಮಲಯಾಳದ ಸರ್ಕಾರಿ ಆದೇಶವನ್ನೂ ಒಂದೇ ಮೇಜಿನ ಮೇಲೆ ಓದಬಲ್ಲ ವಕೀಲರು ಎಲ್ಲೆಡೆ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ

ಖರ್ಚೆಂದರೆ ಫೀಸು ಮಾತ್ರವಲ್ಲ. ತಿಂಗಳಿಗೆ 20,000 ರೂ. ದುಡಿಯುವವರು ಒಂದು ವರ್ಷ ಬಿಟ್ಟರೆ 2.40 ಲಕ್ಷ ರೂ. ಹೋಯಿತು, ಎರಡು ವರ್ಷಕ್ಕೆ ಅದರ ಇಮ್ಮಡಿ. ಅದಕ್ಕಿಂತ ದೊಡ್ಡ ನಷ್ಟ, ಬೇರೆ ಕಚೇರಿಯ ಮೆಟ್ಟಿಲು ಹತ್ತಿದ ಕಕ್ಷಿದಾರರು. ಅವರು ಮರಳಿ ಬರುವರೆಂಬ ಭರವಸೆ ಇಲ್ಲ. ಸೇರುವುದೇ ಆದರೆ ವಾಯಿದೆಯಲ್ಲಿರುವ ಕಡತಗಳನ್ನು ನಂಬಿಕೆಯ ಸಹೋದ್ಯೋಗಿಗೆ ಒಪ್ಪಿಸಿ, ಕಕ್ಷಿದಾರರಿಗೆ ಮೊದಲೇ ತಿಳಿಸಿ. ಓದಿನ ಅವಧಿಯಲ್ಲಿ ಸನ್ನದಿನ ಸ್ಥಿತಿ ಏನೆಂಬುದನ್ನು ನಿಮ್ಮ ವಕೀಲರ ಪರಿಷತ್ತಿನಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳಿ.

ಪಾಠ ಹೇಳುವ ಆಸೆ ಅಥವಾ ಒಂದು ವಿಷಯವನ್ನು ಆಳವಾಗಿ ಅರಿಯುವ ಹಂಬಲ ಇದ್ದರೆ ಎಲ್‌ಎಲ್‌ಎಂ ಸಾರ್ಥಕ. ಹೆಸರಿನ ಮುಂದೆ ಮೂರಕ್ಷರ ಸೇರಲಿ ಎಂಬುದಷ್ಟೇ ಕಾರಣವಾದರೆ, ಆ ವರ್ಷವನ್ನು ಕೋರ್ಟಿನಲ್ಲೇ ಕಳೆಯುವುದು ಲೇಸು.