ದುರ್ಯೋಧನನ ಪಾತ್ರಕ್ಕೆ ಯಾರು?

ನಮ್ಮ ಕಡಬದ ಸುತ್ತಮುತ್ತ ಯಾವುದೇ ಊರು ‘ಕುರುಕ್ಷೇತ್ರ’ ಕಲಿಯಬೇಕೆಂದು ಮನಸ್ಸು ಮಾಡಿದರೆ ಮೊದಲ ಪೈಪೋಟಿ ಏಳುವುದು ದುರ್ಯೋಧನನ ಪಾತ್ರಕ್ಕೆ. ಪಾತ್ರಕ್ಕೆ ಇಷ್ಟೆಂದು ದುಡ್ಡು ಕಟ್ಟಿ ಹಿಡಿಯುವುದು ಇಲ್ಲಿಯ ಪದ್ಧತಿ. ಸೀನರಿ, ಡ್ರೆಸ್ಸು, ಲೈಟು, ಮೇಷ್ಟ್ರ ಸಂಬಳ, ದ್ರೌಪದಿ ಕುಂತಿಯರಾಗಿ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಎಲ್ಲವೂ ಆ ದುಡ್ಡಿನಲ್ಲೇ ನಡೆಯಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ಹಣ. ಧರ್ಮರಾಯನಾಗಲು ಮಾತ್ರ ಯಾರನ್ನಾದರೂ ಕಾಡಿ ಬೇಡಿ ಒಪ್ಪಿಸಬೇಕು. ಹಾರ್ಮೋನಿಯಂ ಮುಂದೆ ಕೂತು ಊರೂರಿಗೆ ನಾಟಕ ಕಲಿಸುತ್ತಲೇ ನನ್ನ ತಲೆ ನರೆಯಿತು. “ಮೇಷ್ಟ್ರೇ, ಸಾಲ ಮಾಡಿಯಾದ್ರೂ ತರ್ತೀನಿ, ದುರ್ಯೋಧನನ್ನ ಮಾತ್ರ ನಂಗೇ ಕೊಡಿ” ಎಂದು ಕೇಳಿಕೊಂಡವರಲ್ಲಿ ಹೊಲದ ಬದುವಿನ ತಕರಾರಿಗೂ ದನಿ ಎತ್ತದ ಸಾಧುಗಳೇ ಹೆಚ್ಚು.

ಕೆಟ್ಟವನಾಗಲು ಒಳ್ಳೆಯವರಿಗೆ ಇಷ್ಟು ಆಸೆ ಏಕೆ? ಆಟದಲ್ಲಿ ಕೊಂದರೆ ಅದು ಕೊಲೆಯೇ ಅಲ್ಲವೇ? ಈ ಪ್ರಶ್ನೆಗಳು ನನಗೆ ಹೊಸವಲ್ಲ. ಆದರೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮೊಮ್ಮಗ ಹಬ್ಬಕ್ಕೆ ಬಂದಾಗ ಅವಕ್ಕೆ ಮತ್ತೆ ಜೀವ ಬಂತು. ಅವನೂ ಅವನ ಗೆಳೆಯರೂ ಭಾನುವಾರ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರಂತೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಅರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ, ದಾಳ ಉರುಳಿಸಿ ಕಾಳಗ, ಕಥೆ ನಡೆಸಲು ಒಬ್ಬ ಸೂತ್ರಧಾರ. ಪಾತ್ರದ ಹಾಳೆಯ ಮೇಲೆ ಅವನು ಯಾವ ಕಡೆಯವನು ಎಂದು ಬರೆಯಬೇಕು. ಮೊದಲು ಕಟ್ಟಳೆಯವನು, ನಡುವಿನವನು, ಕಟ್ಟಳೆ ಮುರಿಯುವವನು ಎಂಬ ಮೂರೇ ಬಗೆ ಇದ್ದವು. ಆ ದಶಕ ಮುಗಿಯುವುದರೊಳಗೆ ಒಳಿತು ಕೆಡುಕುಗಳೂ ಸೇರಿ ಒಂಬತ್ತು ಮನೆಯಾದವು. “ತಾತ, ಓರ್ಕ್‌ಗಳು ಅಂತ ಇರ್ತಾವೆ. ಹುಟ್ಟಾ ಕೆಟ್ಟವು. ಅವನ್ನ ಕೊಂದ್ರೆ ಯಾರೂ ಏನೂ ಕೇಳಲ್ಲ” ಎಂದ. ಆಮೇಲೆ ತಾನೇ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೇ ಈಗ ನಮ್ಮಲ್ಲಿ ಜಗಳ” ಎಂದು ಸೇರಿಸಿದ.

ಹುಟ್ಟಾ ಕೆಟ್ಟವರು ಎಂಬ ಮಾತು ನಮ್ಮ ರಂಗಕ್ಕೆ ಒಗ್ಗಿದ್ದಲ್ಲ. ಕಂಪನಿ ನಾಟಕಕ್ಕೂ ಮೊದಲು ಈ ಸೀಮೆಯಲ್ಲಿದ್ದದ್ದು ಮೂಡಲಪಾಯ ಯಕ್ಷಗಾನ. ಪಕ್ಕದ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಂಥ ಊರುಗಳಲ್ಲಿ ಅದು ಉಳಿದು ಬಂತು. ರಾಕ್ಷಸ ವೇಷ ಬರುವಾಗ ಪಂಜಿಗೆ ರಾಳದ ಪುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತದೆ, ಮುಂದೆ ಕೂತ ಮಕ್ಕಳು ಚೀರಿಕೊಂಡು ತಾಯಂದಿರ ಮಡಿಲಿಗೆ ನುಗ್ಗುತ್ತವೆ. ಅಷ್ಟು ಹೆದರಿಸಿದವನನ್ನೂ ಭಾಗವತರು ನಿಲ್ಲಿಸಿ, ನೀನಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾರೆ. ಅವನು ತನ್ನ ಹುಟ್ಟು, ತಪಸ್ಸು, ಪಡೆದ ವರ, ತಿಂದ ಅವಮಾನ ಎಲ್ಲವನ್ನೂ ಸಭೆಗೆ ಅರಿಕೆ ಮಾಡಬೇಕು. ತನ್ನ ಪರವಾಗಿ ಮಾತಾಡದೆ ಯಾವ ರಾಕ್ಷಸನೂ ಸಾಯುವಂತಿಲ್ಲ. ಹಿರಣ್ಯಕಶಿಪು ವೈಕುಂಠದ ಬಾಗಿಲು ಕಾಯುತ್ತಿದ್ದವನು, ಶಾಪದಿಂದ ಹೀಗಾದವನು ಎಂದು ಅಜ್ಜಿಯರಿಗೂ ಗೊತ್ತು. ಅವನ ಮನೆಯಲ್ಲೇ ಪ್ರಹ್ಲಾದ ಹುಟ್ಟಿದ.

ಕಡಬದ ಮಣ್ಣಿನಲ್ಲೇ ಈ ವಾದದ ಎರಡು ಕೊನೆಗಳಿವೆ. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷಾ ನಮ್ಮ ಕೆರೆ ತುಂಬಿಸುತ್ತದೆ. ಲಂಕೆಯ ಯುದ್ಧ ಮುಗಿಸಿ ಬಂದ ರಾಮನೇ ಈ ಕಟ್ಟೆ ಕಟ್ಟಿಸಿದ ಎಂಬುದು ಊರಿನ ಐತಿಹ್ಯ. ಇದೇ ಊರಲ್ಲಿ ಸಿಕ್ಕ ತಾಮ್ರಶಾಸನ ಬೇರೆಯ ಕಥೆ ಹೇಳುತ್ತದೆ. ಶಕ 735ರಲ್ಲಿ, ಅಂದರೆ ಕ್ರಿ.ಶ. 812-13ರಲ್ಲಿ, ರಾಷ್ಟ್ರಕೂಟ ಮೂರನೆಯ ಗೋವಿಂದ ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲ ಎಂಬ ಹಳ್ಳಿಯನ್ನು ದತ್ತಿ ಕೊಟ್ಟದ್ದಕ್ಕೆ ಅದು ಸಾಕ್ಷಿ. ಕುನುಂಗಿಲ್, ಅಂದರೆ ಇಂದಿನ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಆ ಮುನಿ ಪರಿಹರಿಸಿದ್ದರಂತೆ. ಜೈನರು ಹೇಳುವ ರಾಮಾಯಣದಲ್ಲಿ ರಾಕ್ಷಸರು ರಾಕ್ಷಸರೇ ಅಲ್ಲ, ವಿದ್ಯಾಧರರು. ನಾಗಚಂದ್ರ ‘ರಾಮಚಂದ್ರಚರಿತಪುರಾಣ’ದಲ್ಲಿ ಚಿತ್ರಿಸಿದ ರಾವಣ ಒಂದೇ ಒಂದು ಆಸೆಗೆ ಜಾರಿದ ದೊಡ್ಡ ಮನುಷ್ಯ. ಆ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕೊಂದದ್ದಕ್ಕಾಗಿ ಅವನು ನರಕ ಕಾಣಬೇಕಾಗುತ್ತದೆ, ಕೊಲ್ಲದ ರಾಮನಿಗೆ ಮೋಕ್ಷ. ನ್ಯಾಯದ ಕಡೆ ನಿಂತು ಕೊಂದರೂ ಕೊಂದ ಲೆಕ್ಕ ತಪ್ಪುವುದಿಲ್ಲ.

ಇದಕ್ಕಿಂತ ಕಟುವಾಗಿ ಹೇಳಿದವನು ಜನ್ನ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ಪ್ರಾಣಿಬಲಿಗೆ ಹಿಂಜರಿದು, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದಾಗ ಆ ಹಿಟ್ಟು ಜೀವವಿದ್ದಂತೆ ಕೂಗುತ್ತದೆ. ಅದೊಂದು ಆಟದ ಹಿಂಸೆಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಮತ್ತೆಮತ್ತೆ ಕೊಲೆಯಾಗುತ್ತಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದದ್ದು ಇದೇ ಕಥೆ ಹಿಡಿದು. ಗದೆ ಹಿಡಿಸಿ, ಬಾಣ ಬಿಡಿಸಿ ಹೊಟ್ಟೆ ಹೊರೆದುಕೊಂಡ ನನ್ನಂಥವನ ಎದೆಗೆ ಈ ಕಾವ್ಯ ನೇರ ತಾಕುತ್ತದೆ.

ನಾನು ಕಂಡುಕೊಂಡದ್ದು ಇಷ್ಟು. ಯಶೋಧರನಿಗೆ ಕೊಲೆಯ ಫಲ ಬೇಕಿತ್ತು. ಕೈಗೆ ನೆತ್ತರು ಅಂಟದೆ ಸಿಗಲಿ ಎಂದು ಹಿಟ್ಟು ಹಿಡಿದ. ದುಶ್ಶಾಸನನ ಎದೆ ಬಗೆಯುವ ಭೀಮನ ಪಾತ್ರಧಾರಿಗೆ ಆ ಸಾವಿನಿಂದ ಏನೂ ಬೇಕಿಲ್ಲ. ಬೆಳಗಾದರೆ ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರೆ. ಆದರೆ ಹಳೆಯ ದ್ವೇಷ ಇಟ್ಟುಕೊಂಡು ಪಾತ್ರ ಹಿಡಿದವನಿಗೆ ಫಲ ಬೇಕಿರುತ್ತದೆ. ತಾಲೀಮಿನಲ್ಲೇ ಅದು ಗೊತ್ತಾಗುತ್ತದೆ: ಗದೆ ತಾಳಕ್ಕೆ ಬೀಳುವುದಿಲ್ಲ, ಒಂದು ಮಾತ್ರೆ ಮುಂಚೆ ಬೀಳುತ್ತದೆ, ಕಣ್ಣು ಎದುರಾಳಿಯ ಕಿರೀಟದ ಮೇಲಲ್ಲ, ಮುಖದ ಮೇಲಿರುತ್ತದೆ. ಅಂಥವನಿಂದ ಗದೆ ಇಸಿದುಕೊಂಡು ವಿದುರನ ಮಾತು ಕಲಿಸಿದ್ದೇನೆ. 1980ರ ದಶಕದಲ್ಲಿ ಅಮೆರಿಕದ ತಂದೆತಾಯಂದಿರು ಆ ದಾಳದ ಆಟ ಮಕ್ಕಳನ್ನು ಕೆಡಿಸುತ್ತದೆಂದು ಗದ್ದಲ ಎಬ್ಬಿಸಿದ್ದರಂತೆ. ಕೆಡುಕು ವೇಷದಿಂದ ಬರುವುದನ್ನು ನಾನಂತೂ ನೋಡಿಲ್ಲ. ಮನೆಯಿಂದ ತಂದದ್ದು ವೇಷದೊಳಗೆ ಅಡಗಿ ಕೂರುವುದನ್ನು ನೋಡಿದ್ದೇನೆ.

ದುರ್ಯೋಧನನ ಮೇಲಿನ ಆಸೆಗೂ ಬೇರು ಆಳದಲ್ಲಿದೆ. ರನ್ನನ ‘ಗದಾಯುದ್ಧ’ದಲ್ಲಿ ಅವನು ಹೆಣಗಳ ನಡುವೆ ನಡೆಯುತ್ತಾ ಕರ್ಣನಿಗೆ, ತಮ್ಮನಿಗೆ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿಯುತ್ತಾನೆ. ಆ ದುರ್ಯೋಧನನನ್ನು ಜನರ ಕಣ್ಣಿಗೆ ಹಬ್ಬವಾಗಿಸಿದವರು ನಮ್ಮ ಪಕ್ಕದ ಗುಬ್ಬಿಯವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ, 1930ರ ದಶಕದಲ್ಲಿ, ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಕಟ್ಟಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದಿತು. ಅದನ್ನು ನೋಡಿದವರ ಮಕ್ಕಳು ಮೊಮ್ಮಕ್ಕಳು ಹಳ್ಳಿಹಳ್ಳಿಯಲ್ಲಿ ಕಂದ, ಸೀಸಪದ್ಯ ಹಾಡುತ್ತಾ ರಾತ್ರಿಯಿಡೀ ಆಡಿದರು. ಇಂದಿಗೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಕ್ಕೆ ಜನ ಸೇರುತ್ತಾರೆ. ಇಡೀ ರಾತ್ರಿ ಅಧರ್ಮದ ಪರವಾಗಿ ಗಂಟಲು ಹರಿಯುವಂತೆ ವಾದಿಸಿದವನಿಗೆ, ಆ ಕಡೆಯ ಮನುಷ್ಯನಿಗೂ ಮಾನ, ಸ್ನೇಹ, ನೋವು ಇದ್ದವೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಮಹಾಭಾರತದ ಯುದ್ಧಕ್ಕೆ ಕಟ್ಟಳೆ ಇತ್ತು. ರಥದವನು ರಥದವನೊಂದಿಗೆ, ಆಯುಧ ಬಿಟ್ಟವನ ಮೇಲೆ ಕೈ ಮಾಡಕೂಡದು ಎಂದು ಎರಡೂ ಕಡೆಯವರು ಒಪ್ಪಿದ್ದರು. ಭೀಷ್ಮ, ಅಭಿಮನ್ಯು, ದ್ರೋಣ, ಕರ್ಣ ಎಂದು ಒಬ್ಬೊಬ್ಬರು ಬೀಳುತ್ತಿದ್ದ ಹಾಗೆ ಕಟ್ಟಳೆಯೂ ಒಂದೊಂದಾಗಿ ಬಿತ್ತು, ಹೆಚ್ಚಿನವು ಪಾಂಡವರ ಕೈಯಲ್ಲೇ. ಕೊನೆಯದು ಗದಾಯುದ್ಧ. ನಾಭಿಯ ಕೆಳಗೆ ಹೊಡೆಯಬಾರದು. ಕೃಷ್ಣ ತೊಡೆ ತಟ್ಟಿ ತೋರಿಸುತ್ತಾನೆ, ಭೀಮ ಹೊಡೆಯುತ್ತಾನೆ. ಆಗ ಇಬ್ಬರಿಗೂ ಗುರುವಾದ ಬಲರಾಮ ಇದು ಅಧರ್ಮವೆಂದು ಕೂಗಿ ಭೀಮನ ಮೇಲೆ ನೇಗಿಲೆತ್ತಿಕೊಂಡು ಬರುತ್ತಾನೆ. ಗೆದ್ದವರ ಕಡೆಯ ಬಂಧುವೇ ಗೆದ್ದವನಿಗೆ ಛೀಮಾರಿ ಹಾಕುವ ಈ ಮಾತುಗಳಿಲ್ಲದಿದ್ದರೆ ನೋಡಿದವರು ತೊಡೆ ಮುರಿದದ್ದಕ್ಕೆ ಶಿಳ್ಳೆ ಹೊಡೆದು ಮನೆಗೆ ಹೋಗುತ್ತಾರೆ.

ಈಗೀಗ ಬೆಳಗಾಗುತ್ತದೆ, ಜನ ಎದ್ದು ಹೋಗುತ್ತಾರೆ ಎಂದು ಆ ಭಾಗವನ್ನೇ ಬಿಡುವವರು ಹೆಚ್ಚು. ದುಡ್ಡು ಕಟ್ಟಿ ಬಲರಾಮನಾಗುವವರೂ ಇಲ್ಲ. ಅದಕ್ಕೇ ವೀಳ್ಯ ಹಿಡಿಯುವಾಗಲೇ ಊರವರಿಗೆ ಹೇಳಿಬಿಡುತ್ತೇನೆ: ಬಲರಾಮನ ಪಾತ್ರಕ್ಕೆ ಹಣ ಕೇಳಬಾರದು, ಬೇಕಾದರೆ ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ, ಆದರೆ ಆ ಸೀನು ತೆಗೆಯಬಾರದು. ಅವನ ಮಾತು ಕಲಿಸುವ ದಿನ ಭೀಮನ ಪಾತ್ರಧಾರಿ ತಪ್ಪದೆ ಬಂದು ಎದುರಿಗೆ ನಿಂತು ಕೇಳಿಸಿಕೊಳ್ಳಬೇಕು.